ಒಂದೇ ಕಣ್ಣಿನ ನೀರು

ಹಿರೇಗುಂಟನೂರಿನ ಹೊನ್ನಕ್ಕನಿಗೆ ಅಣ್ಣ ಮೂರ್ತಪ್ಪನೆಂದರೆ ದೇವರಿಗಿಂತ ಒಂದು ಕೈ ಮೇಲು. ದೇವರು ಕಣ್ಣು ಕಿತ್ತುಕೊಂಡಿದ್ದ, ಅಣ್ಣ ಕೊಡಿಸಿದ್ದ. ಹಬ್ಬಕ್ಕೆ ಗೋಡೆ ಬಳಿಯಲೆಂದು ನೀರು ಹಾಕಿದ ಸುಣ್ಣ ಸಿಡಿದು ಅವಳ ಎರಡೂ ಕಣ್ಣು ಸುಟ್ಟಿದ್ದವು. ಕುರುಡಿಯನ್ನು ಕಟ್ಟಿಕೊಂಡು ಏನು ಮಾಡಲಿ ಎಂದು ತವರಿಗೆ ತಂದುಬಿಟ್ಟ ಗಂಡ ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಅಂಥವಳನ್ನು ಮೂರ್ತಪ್ಪ ಎಪ್ಪತ್ತೊಂದರಲ್ಲಿ ಬೆಂಗಳೂರಿಗೆ ಕರೆದೊಯ್ದ. ಅಲ್ಲಿನ ಡಾಕ್ಟರು ಬಲಗಣ್ಣಿನ ಬೆಳ್ಳಗಾದ ಪೊರೆಯ ನಡುವೆ ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ಗಾಜು ಕೂರಿಸಿದರು. ಕೊಳವೆಯೊಳಗಿಂದ ನೋಡಿದ ಹಾಗೆ ಸ್ವಲ್ಪವೇ ಕಾಣುತ್ತಿತ್ತು. ಅವಳಿಗೆ ಅಷ್ಟೇ ಸಾಕಿತ್ತು. ರಾಗಿಯಲ್ಲಿ ಕಲ್ಲು ಆರಿಸಿದಳು, ಅಣ್ಣನ ಮಗಳು ಜಯಕ್ಕನ ತಲೆಯ ಹೇನು ಹೆಕ್ಕಿದಳು, ಅವಳು ಬೆಳೆದದ್ದನ್ನು ಕಣ್ತುಂಬ ನೋಡಿದಳು.

ಊರಿಗೆ ಹೊರಡುವ ದಿನ ಡಾಕ್ಟರು ಮೂರ್ತಪ್ಪನನ್ನು ಮಾತ್ರ ಹೊರಗೆ ಕರೆದಿದ್ದರು. ಆ ಕಣ್ಣಿನಿಂದ ತಾನೇತಾನಾಗಿ ನೀರು ಸುರಿದರೆ ಗಾಜಿನ ಸುತ್ತ ಸೋರುತ್ತಿದೆಯೆಂದು ಅರ್ಥ, ಅವತ್ತೇ ಬಸ್ಸು ಹತ್ತಿಸಿ, ತಡವಾದರೆ ಕಣ್ಣೇ ಹೋಗುತ್ತದೆ ಎಂದಿದ್ದರು. ತಂಗಿ ಹೆದರಿಯಾಳೆಂದು ಅವನು ಅದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡ. ಇಟ್ಟುಕೊಳ್ಳಲಿ, ಬೇಡವೆಂದವರಾರು? ಹೊತ್ತು ಬಂದಾಗ ಬಾಯಿಗೆ ತರಬೇಕಿತ್ತು.

ಐದು ವರ್ಷದ ಮೇಲೆ ಜಯಕ್ಕನ ಮದುವೆ. ಚಪ್ಪರದಡಿ ಧಾರೆಯ ಹೊತ್ತಿಗೆ ಹೊನ್ನಕ್ಕನ ಬಲಗಣ್ಣು ಸುರಿಯತೊಡಗಿತು.

"ಸೋದರತ್ತೆಗೆ ಸಂತೋಷ ತಡಿಯಾಕಾಗ್ತಿಲ್ಲ ನೋಡ್ರಿ" ಎಂದು ಬಿ.ದುರ್ಗದ ಬೀಗರು ನಕ್ಕರು. ಅವಳೂ ಹಾಗೇ ಅಂದುಕೊಂಡಳು. ಒಂದೇ ಕಣ್ಣಲ್ಲಿ ಅಳುವ ಸಂತೋಷ ಎಲ್ಲಾದರೂ ಉಂಟೇ? ಮೂರ್ತಪ್ಪನಿಗೆ ತಿಳಿದುಹೋಯಿತು. ಹತ್ತಿರ ಬಂದು ತನ್ನ ಹೆಗಲ ಟವೆಲಿನಿಂದ ಒರೆಸಿದ.

"ನಿಲ್ತಾನೇ ಇಲ್ಲ ಕಣಣ್ಣ."

"ಮಗಳ ಮದುವೆ ಕಣವ್ವ, ಬರ್ತೈತೆ. ಬಿಡು."

ಹುಡುಗಿಯ ಮನೆತನದಲ್ಲಿ ಕಣ್ಣಿನ ಕಾಯಿಲೆ ಐತೇನು ಎಂದು ಬೀಗರು ಮೊದಲೇ ಕೇಳಿದ್ದರು. ಅದಕ್ಕೇ ಅವನು ಧಾರೆ ಮುಗಿಯಲಿ ಎಂದುಕೊಂಡ. ಆಮೇಲೆ ಬೀಗರೂಟ ಮುಗಿಯಲಿ ಎಂದುಕೊಂಡ. ಬಾಡು ಬೆಂದಿತು, ಬೀಗರು ಉಂಡು ತೇಗಿ ಲಾರಿ ಹತ್ತಿದರು. ಅಷ್ಟರಲ್ಲಿ ಕಣ್ಣು ಕೀವುಗಟ್ಟಿತ್ತು.

ಬೆಂಗಳೂರಿನ ಡಾಕ್ಟರು ರೆಪ್ಪೆ ಬಿಡಿಸಿ ನೋಡಿ ಬೇಸರಪಟ್ಟರು. ಗಾಜು ತೆಗೆಯದೆ ಬೇರೆ ದಾರಿಯಿಲ್ಲ, ಇನ್ನು ಈ ಕಣ್ಣು ಕಾಣುವುದಿಲ್ಲ ಅಂದರು. "ನೀರು ಬಂದ ದಿನವೇ ಕರೆದುಕೊಂಡು ಬನ್ನಿ ಅಂತ ನಿಮ್ಮಣ್ಣನಿಗೆ ಅಷ್ಟು ಹೇಳಿದ್ದೆನಲ್ಲಮ್ಮ."

ಆಗ ಗೊತ್ತಾಯಿತು ಹೊನ್ನಕ್ಕನಿಗೆ. ನೆಚ್ಚಿದ ಎಮ್ಮೆ ಕೋಣ ಈಯಿತು ಅನ್ನುತ್ತಾರಲ್ಲ, ಹಾಗಾಗಿತ್ತು. ಗಂಡ ಬಿಟ್ಟುಹೋದಾಗಲೂ ಅವಳ ಒಡಲು ಹೀಗೆ ಉರಿದಿರಲಿಲ್ಲ. ಅವನು ಎಷ್ಟಾದರೂ ಬೇರೆ ಮನೆಯವನು.

ಗಾಜು ತೆಗೆದ ಮಾರನೆಯ ದಿನ ಮೂರ್ತಪ್ಪ ಮಂಚದ ಪಕ್ಕ ಕೂತು ಬಾಯಿಬಿಟ್ಟ.

"ಮದುವೆ ಮುರಿದುಬಿದ್ರೆ ಅಂತ ಹೆದ್ರಿದೆ ಕಣವ್ವ. ಜಯಕ್ಕ ನಿನಗೂ ಮಗಳಲ್ವಾ?"

ಹೊನ್ನಕ್ಕ ಅವನ ದನಿ ಬಂದ ಕಡೆ ಮುಖ ತಿರುಗಿಸಿದಳು.

"ಮಗಳೇ. ಅವಳ ಮದುವೆಗೆ ನಿನ್ನ ಕಣ್ಣು ಬೇಕು ಅಂದಿದ್ರೆ ಕೊಡ್ತಿದ್ದೆ ಅಣ್ಣ. ನೀನು ಕೇಳಲೇ ಇಲ್ಲ."