ದಾರ ಕಡಿದ ಹಾಡು

ಆರನೇ ಹಾಡಿನ ನಡುವೆ ಒಂದು ಕಡೆ ಡ್ರಮ್ಸ್ ನಿಂತುಹೋಗುತ್ತದೆ. ಎರಡು ಸೆಕೆಂಡು, ಅಷ್ಟೇ. ಆ ಎರಡು ಸೆಕೆಂಡಿನ ಬಗ್ಗೆ ಕಂಡಕಂಡವರೆಲ್ಲ ಬಾಯಿಗೆ ಬಂದದ್ದು ಹೇಳಿದರು. ಕಂಪ್ಯೂಟರ್ ಕೈಕೊಟ್ಟಿತು ಅಂದರು. ಹುಡುಗರಿಗೆ ಫೈಲ್ ಜೋಡಿಸಲು ಬರಲಿಲ್ಲ ಅಂದರು. ಅದು ಯಾಕೆ ನಿಂತಿತು ಎಂದು ಗೊತ್ತಿದ್ದವರು ಐದೇ ಜನ, ಆ ಐವರಲ್ಲಿ ನಾನೊಬ್ಬಳು. ಹಾಡು ಗೀಡು ನನಗೆ ತಿಳಿಯದು, ನಾನು ಬಟ್ಟೆ ಹೊಲಿಯುವವಳು. ಆದರೆ ಗೊತ್ತಿಲ್ಲದವರೇ ಇಷ್ಟು ಮಾತಾಡಿದ ಮೇಲೆ ಗೊತ್ತಿರುವ ನಾನು ಸುಮ್ಮನಿರಬೇಕೇ?

ಡ್ರಮ್ಸ್ ಬಾರಿಸಿದವಳು ನನ್ನ ಅಕ್ಕನ ಮಗಳು. ಅವಳಿಗೆ ಚೆಂದದ ಹೆಸರೇನೋ ಇದೆ, ಆದರೆ ಬೀದಿಗೆಲ್ಲ ಅವಳು ಕುಟ್ಟಾಣಿ. ಅಕ್ಕ ಆಸ್ಪತ್ರೆಯಲ್ಲಿ ನರ್ಸ್, ಪಾಳಿ ಕೆಲಸ. ಹಾಗಾಗಿ ಮಗುವನ್ನು ನನ್ನ ಅಂಗಡಿಯಲ್ಲಿ ಬಿಟ್ಟು ಹೋಗುತ್ತಿದ್ದಳು. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಹಳೆ ಚಾದರ ಹಾಸಿ, ಗುಂಡಿಯ ಖಾಲಿ ಡಬ್ಬಿ ಕೊಟ್ಟು ಕೂರಿಸುತ್ತಿದ್ದೆ. ಅಳತೆಕೋಲು ಒಮ್ಮೆ ಮುರಿದು ಎರಡು ತುಂಡಾಯಿತು. ಆ ತುಂಡುಗಳನ್ನು ಹಿಡಿದುಕೊಂಡವಳು ಮತ್ತೆ ಬಿಡಲಿಲ್ಲ. ನನ್ನದು ಕಾಲಿನಿಂದ ತುಳಿಯುವ ಮಷೀನು. ನಾನು ತುಳಿದ ಹಾಗೆ ಅವಳು ಡಬ್ಬಿ ಕುಟ್ಟುತ್ತಿದ್ದಳು. ಬಾಬಿನ್ನಿಗೆ ದಾರ ತುಂಬಲು ನಾನು ನಿಲ್ಲಿಸಿದರೆ ಅವಳೂ ನಿಲ್ಲಿಸಿ, ಮೇಜಿನ ಕೆಳಗಿನಿಂದ ತಲೆ ಹೊರಹಾಕಿ, "ಆಯ್ತಾ ಚಿಕ್ಕಮ್ಮ?" ಎಂದು ಕೇಳುವಳು. ನಾನು "ಆಯ್ತು ಕಣೇ" ಅಂದ ಮೇಲೇ ಮತ್ತೆ ಶುರು.

ಈಗ ಅವಳಿಗೆ ಇಪ್ಪತ್ತೆರಡು. ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ನೀರು ಕುಡಿದು ಭಾರವಾದ ಚಾದರಗಳನ್ನು ದೊಡ್ಡ ಮಷೀನಿನಿಂದ ಎಳೆದೆಳೆದು ಅವಳ ತೋಳು ಕಬ್ಬಿಣವಾಗಿದೆ. ಆ ಚಾದರಗಳ ಅಂಚು ಹೊಲಿಯುವ ಗುತ್ತಿಗೆ ನನ್ನದು. ನಾನು ಹೊಲಿದದ್ದರ ಮೇಲೆ ಅಕ್ಕ ರೋಗಿಗಳನ್ನು ಮಲಗಿಸುತ್ತಾಳೆ, ಮಗಳು ಅದನ್ನು ಒಗೆಯುತ್ತಾಳೆ. "ನಮ್ಮ ಮನೆಮಂದಿಯೆಲ್ಲ ಹಾಸಿಗೆ ಹಿಡಿದವರೇ" ಎಂದು ಅಕ್ಕ ತಮಾಷೆ ಮಾಡುತ್ತಾಳೆ.

ಅಂಗಡಿಯ ಮೇಲಿನ ಕೋಣೆಯಲ್ಲಿ ಕುಟ್ಟಾಣಿಯೂ ಇನ್ನಿಬ್ಬರೂ ಸೇರಿ ಮೂರು ವರ್ಷ ಗದ್ದಲ ಎಬ್ಬಿಸಿದರು. ಹಾಡುತ್ತ ಗಿಟಾರ್ ನುಡಿಸುವವನು ಜುಟ್ಟು. ಮೊಬೈಲ್ ರಿಪೇರಿ ಮಾಡುತ್ತಾನೆ, ತಲೆಯ ಮೇಲೆ ಕೂದಲು ಗಂಟು ಕಟ್ಟಿಕೊಂಡಿರುತ್ತಾನೆ. ಬೇಸ್ ಗಿಟಾರಿನವನು ಮೌನಿ. ಪಾರ್ಸೆಲ್ ಆಫೀಸಿನಲ್ಲಿದ್ದಾನೆ, ವಾರಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ತಾವು ನುಡಿಸುವುದು ಪಾಪ್-ಪಂಕ್ ಎಂದರು. ಹಾಗಂದರೇನೋ ಎಂದು ಕೇಳಿದರೆ ಜುಟ್ಟು, "ಸಿಟ್ಟನ್ನ ಕುಣಿಯೋ ಹಾಗೆ ಹಾಡೋದು ಆಂಟಿ" ಅಂದ. ಅಯ್ಯೋ, ಹಾಗಾದರೆ ನಾನು ಬುದ್ಧಿ ಬಂದಾಗಿನಿಂದ ಅದನ್ನೇ ಮಾಡುತ್ತಿದ್ದೇನೆ, ಕುಣಿದವರು ಮಾತ್ರ ಯಾರೂ ಇಲ್ಲ. ಅಕ್ಕಪಕ್ಕದವರು ಕಿಟಕಿಯಿಂದ "ಬಾಗಿಲು ಹಾಕ್ರೋ!" ಎಂದು ಕಿರುಚುತ್ತಿದ್ದರು. ತಂಡಕ್ಕೆ ಅದೇ ಹೆಸರಾಯಿತು. ಮೊದಲ ಆಲ್ಬಮ್ಮಿಗೆ ‘ಹಾಕಲ್ಲ’ ಎಂದು ಹೆಸರಿಟ್ಟರು. ಹನ್ನೊಂದು ಹಾಡು, ಒಟ್ಟು ಇಪ್ಪತ್ತೊಂಬತ್ತು ನಿಮಿಷ.

ರೆಕಾರ್ಡಿಂಗಿಗೆ ಮೊದಲು ಒಂದು ಸ್ಟುಡಿಯೋಗೆ ಹೋದರು. ಅಲ್ಲಿ ಕುಟ್ಟಾಣಿಯ ಕಿವಿಗೆ ಹೆಡ್‌ಫೋನ್ ಹಾಕಿ, ತಾಳ ತಪ್ಪದಿರಲಿ ಎಂದು ಟಿಕ್ ಟಿಕ್ ಅನ್ನುವ ಸದ್ದು ಬಿಟ್ಟರಂತೆ. ಅರ್ಧ ಗಂಟೆ ತಡೆದುಕೊಂಡು, ಹೆಡ್‌ಫೋನ್ ಕಿತ್ತಿಟ್ಟು, "ಇದು ಉಸಿರೇ ಆಡಲ್ಲ. ಇದರ ಜೊತೆ ನಾನು ಬಾರಿಸಲ್ಲ" ಎಂದು ಎದ್ದು ಬಂದಳು. ಕೊನೆಗೆ ರೆಕಾರ್ಡಿಂಗ್‌ನವನೇ ತನ್ನ ಪೆಟ್ಟಿಗೆ, ವೈರು ಎಲ್ಲ ಹೊತ್ತುಕೊಂಡು ನಮ್ಮ ಮಹಡಿಗೆ ಬಂದ. ಕುಟ್ಟಾಣಿ ಹೇಳಿದ್ದು ಒಂದೇ: "ಚಿಕ್ಕಮ್ಮನ ಮಷೀನಿನ ಪಕ್ಕ ಒಂದು ಮೈಕ್ ಇಡಿ. ನನ್ನ ಕಿವಿಗೆ ಅದನ್ನ ಬಿಡಿ." ಅವನು ನನ್ನ ಮುಖ ನೋಡಿದ. ನನಗೂ ನಗು ಬಂತು. ಆದರೂ ಮೈಕ್ ಇಟ್ಟ. ಮೂರು ದಿನ ಕೆಳಗೆ ನಾನು ಚಾದರದ ಅಂಚು ಹೊಲಿದೆ, ಮೇಲೆ ಅವರು ಆಲ್ಬಮ್ ಮಾಡಿದರು.

ಎರಡನೇ ದಿನ ‘ನನ್ನ ಕೇಳಿದ್ರಾ’ ಎಂಬ ಆರನೇ ಹಾಡು. ನಡುವೆ ಪಟ್ಟನೆ ನನ್ನ ದಾರ ಕಡಿಯಿತು. ಚಾದರಕ್ಕೆ ಹಾಕುವುದು ಗಟ್ಟಿ ದಾರ, ನೇರ ಹೊಲಿಗೆಯಲ್ಲಿ ಅದು ಕಡಿದದ್ದು ನಾನು ಕಂಡಿಲ್ಲ. ಅವತ್ತು ಯಾಕೆ ಕಡಿಯಿತೋ ತಿಳಿಯಲಿಲ್ಲ. ಮಷೀನು ನಿಂತಿತು, ಮೇಲೆ ಡ್ರಮ್ಸೂ ನಿಂತಿತು. ಎರಡೇ ಸೆಕೆಂಡು, ಮತ್ತೆ ಅವಳು ಶುರು ಮಾಡಿ ಹಾಡು ಮುಗಿಸಿದಳು. ರೆಕಾರ್ಡಿಂಗ್‌ನವನು, "ಪರವಾಗಿಲ್ಲ, ಕಂಪ್ಯೂಟರ್‌ನಲ್ಲಿ ಒಂದು ನಿಮಿಷದಲ್ಲಿ ತುಂಬಿಸ್ತೀನಿ" ಅಂದ. ಅವಳು ಬೇಡ ಅಂದಳು. "ನಿಂತಿದ್ದು ನಿಂತಿದ್ದೇ. ಇರಲಿ ಬಿಡಿ."

ಕಂಪ್ಯೂಟರ್ ಮುಟ್ಟಬೇಡಿ ಎಂದು ಹೇಳಿದ ಹುಡುಗಿ ಇವಳು. ಇದನ್ನು ನೆನಪಿಟ್ಟುಕೊಂಡು ಮುಂದಿನದನ್ನು ಕೇಳಿ.

ಆಲ್ಬಮ್ ಹೊರಬಿದ್ದ ವಾರದಲ್ಲೇ ನಲವತ್ತು ಸಾವಿರ ಜನ ಕೇಳಿದರು. ಜುಟ್ಟು ಅಂಗಡಿಗೆ ಓಡಿಬಂದು ಫೋನ್ ಹಿಡಿದು ಓದಿದ. ಬಸ್ ಡ್ರೈವರ್ ಒಬ್ಬ, ಬೆಳಗಿನ ಮೊದಲ ಟ್ರಿಪ್ಪಿಗೆ ಇದೇ ಹಾಡು ಎಂದು ಬರೆದಿದ್ದ. ಪರೀಕ್ಷೆಗೆ ಹೋಗುವ ಮುಂಚೆ ಕೇಳಿದೆ, ಭಯ ಹೋಯಿತು ಎಂದು ಒಬ್ಬ ಹುಡುಗಿ ಬರೆದಿದ್ದಳು. ನನ್ನ ಕಣ್ಣು ತುಂಬಿ ಬಂತು. ಆಮೇಲೆ ಕೆಳಗಿನದನ್ನೂ ಓದಿದೆ. "ಡ್ರಮ್ಸ್ ಮನುಷ್ಯರು ಬಾರಿಸಿದ್ದಲ್ಲ, ಸಾಫ್ಟ್‌ವೇರ್." "ಆ ಹುಡುಗಿ ಫೋಟೋಗೆ ಮಾತ್ರ." "ಆರನೇ ಹಾಡಲ್ಲಿ ಹ್ಯಾಂಗ್ ಆಗಿದೆ ನೋಡಿ, ಸಿಕ್ಕಿಬಿದ್ದರು!" ಅದಕ್ಕೆ ನೂರಾರು ಜನ ನಗುವ ಮುಖ ಒತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಕುಟ್ಟಾಣಿ ಮಾತ್ರ, "ಬಿಡು ಚಿಕ್ಕಮ್ಮ, ಜುಟ್ಟು ರೇಡಿಯೋಗೆ ಹೋಗ್ತಿದಾನಲ್ಲ, ಅಲ್ಲಿ ಹೇಳ್ತಾನೆ" ಅಂದಳು.

ಬುಧವಾರ ಸಂಜೆ ರೇಡಿಯೋದಲ್ಲಿ ಜುಟ್ಟುವಿನ ಸಂದರ್ಶನ. ಕುಟ್ಟಾಣಿ ಕೆಲಸ ಮುಗಿಸಿ ಬಂದು, ಒಂದು ಅಂಗಿಗೆ ಗುಂಡಿ ಹಚ್ಚುತ್ತ ಕೂತಿದ್ದಳು. ರೇಡಿಯೋದವನು ಜುಟ್ಟುವಿನ ದನಿಯನ್ನು ಹೊಗಳಿದ್ದೇ ಹೊಗಳಿದ್ದು. ಯುವಕರ ಆಕ್ರೋಶವಂತೆ, ಹೊಸ ಅಲೆಯಂತೆ. ಕೊನೆಗೆ ಕೇಳಿದ, "ನಿಜ ಹೇಳಿ, ಆ ಡ್ರಮ್ಸ್ ಕಂಪ್ಯೂಟರ್‌ದೇ ಅಲ್ವಾ? ಅಷ್ಟು ಸ್ಪೀಡು, ಅಷ್ಟು ಕರೆಕ್ಟು?" ಕುಟ್ಟಾಣಿಯ ಸೂಜಿ ನಿಂತಿತು. ಜುಟ್ಟು ನಕ್ಕ. "ಎಲ್ಲಾ ಗುಟ್ಟು ಬಿಟ್ಕೊಡೋಕಾಗುತ್ತಾ ಸಾರ್?" ಅಂದ.

ಎಲಾ ಇವನ! ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಇಳಿದು ಮೂರು ವರ್ಷ ಸವೆಸಿದವನು. ಒಂದು ಮಾತು, "ಅವಳೇ ಬಾರಿಸಿದ್ದು" ಎಂಬ ಒಂದೇ ಮಾತು ಹೇಳಿದ್ದರೆ ಅವನ ನಾಲಿಗೆ ಬಿದ್ದುಹೋಗುತ್ತಿತ್ತೇ? ಕುಟ್ಟಾಣಿ ದಾರವನ್ನು ಹಲ್ಲಲ್ಲಿ ಕಡಿದು, ಅಂಗಿ ಮಡಿಸಿಟ್ಟು, ಚೀಲದಿಂದ ಡ್ರಮ್ಸ್ ಕೋಲುಗಳನ್ನು ತೆಗೆದು ಚಿಂದಿ ಬಟ್ಟೆಯ ಬುಟ್ಟಿಗೆ ಹಾಕಿದಳು. "ಮುಂದಿನ ವಾರ ಭಾನುವಾರದ ಪ್ರೋಗ್ರಾಮಿಗೆ ಕಂಪ್ಯೂಟರನ್ನೇ ಕರ್ಕೊಂಡು ಹೋಗ್ಲಿ" ಅಂದಳು. ಆಲ್ಬಮ್ಮಿಗೆಂದೇ ಇಟ್ಟುಕೊಂಡಿದ್ದ ಮೊದಲ ದೊಡ್ಡ ಕಾರ್ಯಕ್ರಮ ಅದು. ಅದಕ್ಕಾಗಿ ಅವಳು ಎರಡು ತಿಂಗಳು ರಜೆಯನ್ನೇ ಹಾಕದೆ ದುಡಿದಿದ್ದಳು.

ಎರಡು ದಿನ ನೋಡಿದೆ. ಕೋಲುಗಳು ಬುಟ್ಟಿಯಲ್ಲೇ ಇದ್ದವು. ಶನಿವಾರ ಬೆಳಿಗ್ಗೆ ಅದೇ ರೇಡಿಯೋದವನು ಕೇಳುಗರ ಫೋನ್ ತೆಗೆದುಕೊಳ್ಳುತ್ತಾನೆಂದು ಗೊತ್ತಾಯಿತು. ನನ್ನನ್ನು ಯಾರೂ ಕೇಳಿರಲಿಲ್ಲ. ನಾನೂ ಯಾರನ್ನೂ ಕೇಳದೆ ಫೋನ್ ಮಾಡಿದೆ.

"ನೀವು ಕಂಪ್ಯೂಟರ್ ಅಂದ್ರಲ್ಲ, ಆ ಹುಡುಗಿಯ ಚಿಕ್ಕಮ್ಮ ಮಾತಾಡ್ತಿರೋದು" ಅಂದೆ. "ಆರನೇ ಹಾಡಲ್ಲಿ ನಿಂತಿದ್ದು ನನ್ನ ಹೊಲಿಗೆ ಮಷೀನು. ನನ್ನ ದಾರ ಕಡೀತು. ಅವಳು ನನ್ನ ಮಷೀನಿನ ಸದ್ದು ಕೇಳ್ಕೊಂಡು ಬಾರಿಸ್ತಿದ್ದಳು, ಅದಕ್ಕೇ ನಿಂತಳು. ಕಂಪ್ಯೂಟರಿಗೆ ದಾರ ಕಡಿದಿದ್ದು ಗೊತ್ತಾಗುತ್ತೇನ್ರೀ?"

"ಹೊಲಿಗೆ ಮಷೀನಾ!" ಎಂದು ಅವನು ಕೂಗಿದ. "ಕೇಳಿದ್ರಾ ಸ್ನೇಹಿತರೇ! ಹಾಗಾದ್ರೆ ಈ ತಂಡದ ಅಸಲಿ ಡ್ರಮ್ಮರ್ ನೀವೇ ಅಲ್ವಾ ಅಮ್ಮ?"

"ಅಯ್ಯೋ, ನಾನ್ಯಾಕೆ? ಅವಳು..." ಅನ್ನುವಷ್ಟರಲ್ಲಿ ಅವನು ಹಾಡು ಹಾಕಿಬಿಟ್ಟ. ನಾನು ಫೋನ್ ಹಿಡಿದುಕೊಂಡು ನಿಂತೇ ಇದ್ದೆ. ಆ ಕಡೆ ಯಾರೂ ಇರಲಿಲ್ಲ.

ಆ ಗದ್ದಲ ಎಲ್ಲಿಂದ ಬರುತ್ತದೆಂದು ಬೀದಿಗೆಲ್ಲ ಗೊತ್ತು, ಮಧ್ಯಾಹ್ನದ ಹೊತ್ತಿಗೆ ಅಂಗಡಿ ಹುಡುಕಿಕೊಂಡು ಮೊದಲ ಗುಂಪು ಬಂತು. ಮಷೀನು ನೋಡಬೇಕಂತೆ. ಚಕ್ರ ಮುಟ್ಟಿ ನೋಡಿದರು, ಪೆಡಲ್ ಜೊತೆ ಫೋಟೋ ತೆಗೆದುಕೊಂಡರು, ಹೊಲಿಯುತ್ತಿದ್ದ ಚಾದರವನ್ನು ತುಳಿದರು. ‘ಡ್ರಮ್ಮರ್ ಚಿಕ್ಕಮ್ಮ’ ಎಂದು ನನ್ನ ಮುಖ ಫೋನಿನಿಂದ ಫೋನಿಗೆ ಓಡಾಡಿತು. ನಿನ್ನೆಯವರೆಗೆ ಹ್ಯಾಂಗ್ ಆಗಿದೆ ಎಂದು ನಕ್ಕವರೇ ಈಗ ಆ ಎರಡು ಸೆಕೆಂಡಿಗೆ ಆಹಾ ಓಹೋ ಅನ್ನತೊಡಗಿದರು. ಹುಡುಗಿ ಮಷೀನಿನ ಹಿಂದೆ ಹೋಗಿದ್ದಾಳೆ ಅಷ್ಟೇ, ಕಲೆ ಮಷೀನಿನದು ಎಂದು ಒಬ್ಬ ಪಂಡಿತ ಬರೆದ. ಅವಳ ಹೆಸರು ಕಸಿದುಕೊಂಡವರ ಕೈಗೆ ನಾನೇ ಗಂಟು ಕಟ್ಟಿ ಕೊಟ್ಟಿದ್ದೆ.

ಆ ಸಂಜೆ ಕುಟ್ಟಾಣಿ ಕೆಲಸದಿಂದ ಬಂದಳು. ಬಾಗಿಲಲ್ಲಿ ಜನ. ಅವಳು ಒಳಗೆ ಬರಲು ನೋಡಿದಾಗ ಫೋನ್ ಹಿಡಿದಿದ್ದ ಒಬ್ಬ, "ಮೇಡಂ, ಸ್ವಲ್ಪ ಪಕ್ಕಕ್ಕೆ ಬರ್ತೀರಾ? ಮಷೀನಿಗೆ ಅಡ್ಡ ಬರ್ತಿದೀರಿ" ಅಂದ. ಅವಳು ಪಕ್ಕಕ್ಕೆ ಸರಿದು ನಿಂತಳು! ಆ ಹಾಡು ಬಾರಿಸಿದ ಕೈಗಳು ಇವಳವೇ ಎಂದು ಆ ಮಹಾಶಯನಿಗೆ ಗೊತ್ತೇ ಇರಲಿಲ್ಲ. ನಾನು ಕತ್ತರಿ ಹಿಡಿದುಕೊಂಡೇ ಎದ್ದು, "ಎಲ್ಲರೂ ಹೊರಗೆ ನಡೀರಿ!" ಎಂದು ಕೂಗಿ ಬಾಗಿಲು ಎಳೆದೆ.

"ನಿನ್ನ ಯಾರು ಕೇಳಿದ್ರು ಚಿಕ್ಕಮ್ಮ?" ಅಂದಳು ಅವಳು. ಕೂಗಲಿಲ್ಲ, ಅದಕ್ಕೇ ನನಗೆ ಹೆಚ್ಚು ನೋವಾಯಿತು.

"ನಿನಗೋಸ್ಕರ ಅಲ್ವೇನೇ ಮಾಡಿದ್ದು?"

"ಮೊದಲು ನನ್ನ ಜಾಗದಲ್ಲಿ ಕಂಪ್ಯೂಟರ್ ಇತ್ತು. ಈಗ ನೀನಿದೀಯ. ನಾನು ಎಲ್ಲಿದೀನಿ ಹೇಳು."

ತುಳಿದ ಗುರುತು ಬಿದ್ದ ಚಾದರವನ್ನು ಅವಳೇ ಎತ್ತಿಕೊಂಡು, ಒಗೆದು ತರುತ್ತೇನೆ ಎಂದು ಹೋದಳು.

ಗುರುವಾರ ಜುಟ್ಟು ತಲೆ ತಗ್ಗಿಸಿಕೊಂಡು ಬಂದ, ಹಿಂದೆ ಮೌನಿ. ಅಷ್ಟು ದಿನದಿಂದ ಅದುಮಿಟ್ಟದ್ದೆಲ್ಲ ಜುಟ್ಟುವಿನ ಮೇಲೆ ಸುರಿದೆ. "ನಗು ಬಂತಾ ನಿನಗೆ? ಹಲ್ಲು ಕಿರಿದುಬಿಟ್ಟೆಯಲ್ಲೋ, ಮಾನ ಮರ್ಯಾದೆ ಇದೆಯೇನೋ?" ಅವನು ತಪ್ಪಾಯಿತು ಎಂದ. ಎಂದವನು ಸುಮ್ಮನಿರಬೇಕೋ ಬೇಡವೋ? "ಆಂಟಿ, ಪ್ರೋಗ್ರಾಮ್ ಮಾಡಿಸೋರು ನಿಮ್ಮ ಮಷೀನು ಸ್ಟೇಜ್ ಮೇಲೆ ಬೇಕು ಅಂತಿದಾರೆ. ಜನ ಅದನ್ನೇ ಕೇಳ್ತಿದಾರಂತೆ" ಅಂದ. ನಾನು ಕೈಗೆ ಸಿಕ್ಕಿದ್ದು ಎತ್ತಿಕೊಳ್ಳುವ ಮೊದಲೇ ಮೌನಿ ಬಾಯಿ ಬಿಟ್ಟ. "ಅವಳಿಲ್ಲ ಅಂದ್ರೆ ನಾನೂ ಇಲ್ಲ." ಆ ವಾರದ ಅವನ ನಾಲ್ಕೂ ಮಾತು ಅಲ್ಲೇ ಖರ್ಚಾದವು.

ಒಗೆದ ಚಾದರ ಹಿಡಿದುಕೊಂಡು ಕುಟ್ಟಾಣಿ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದಳೋ, ಎಲ್ಲ ಕೇಳಿಸಿಕೊಂಡಿದ್ದಳು. ನೇರ ಬುಟ್ಟಿಯ ಹತ್ತಿರ ಹೋಗಿ, ಚಿಂದಿ ಕೆದಕಿ, ಕೋಲುಗಳನ್ನು ತೆಗೆದಳು. "ಮಷೀನು ಬರಲ್ಲ. ನಾನು ಬರ್ತೀನಿ" ಎಂದು ಜುಟ್ಟುವಿಗೆ ಹೇಳಿದಳು. ನನ್ನ ಕಡೆ ತಿರುಗಿ, "ನೀನು ಬಂದು ಮುಂದೆ ಕೂತ್ಕೋ. ಬಾಯಿ ಮುಚ್ಕೊಂಡು" ಅಂದಳು.

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಒಂದು ಶಾಲೆಯ ಸಭಾಂಗಣದಲ್ಲಿ ಕಾರ್ಯಕ್ರಮ. ಆರುನೂರು ಜನ. ಅಕ್ಕ ಪಾಳಿ ಬದಲಾಯಿಸಿಕೊಂಡು ಬಂದಿದ್ದಳು. ನಮ್ಮ ಸಾಲಿನ ತುದಿಯಲ್ಲೇ ರೇಡಿಯೋದವನು ಕೂತಿದ್ದ, ನನ್ನನ್ನು ನೋಡಿ ಕೈ ಬೀಸಿದ. ನಾನು ಮುಖ ತಿರುಗಿಸಿದೆ. ಆರನೇ ಹಾಡು ಶುರುವಾದಾಗ ಎಲ್ಲರೂ ಆ ಎರಡು ಸೆಕೆಂಡಿಗಾಗಿ ಕಾಯತೊಡಗಿದರು. ಆ ಜಾಗ ಹತ್ತಿರ ಬಂದಂತೆ ಕೈಗಳು ಮೇಲೆದ್ದವು, ಫೋನುಗಳು ಮೇಲೆದ್ದವು.

ಅವಳು ನಿಲ್ಲಿಸಲಿಲ್ಲ. ಅಲ್ಲಿಂದ ಇನ್ನೂ ಜೋರಾಗಿ ಹೊರಟಳು. ನಿಲ್ಲುತ್ತದೆಂದು ಬಾಯಿ ಮುಚ್ಚಿದ್ದ ಜುಟ್ಟು ತಡವರಿಸಿ ಅವಳ ಹಿಂದೆ ಓಡಿದ. ಮೌನಿ ಆಗಲೇ ಅವಳ ಜೊತೆಗಿದ್ದ. ಎತ್ತಿದ ಕೈಗಳು ಏನು ಮಾಡಬೇಕೆಂದು ತಿಳಿಯದೆ ಒಂದು ಕ್ಷಣ ಗಾಳಿಯಲ್ಲೇ ನಿಂತು, ಆಮೇಲೆ ಇಡೀ ಹಾಲ್ ಕುಣಿಯತೊಡಗಿತು. ಯಂತ್ರ ಎಂದವರ ಕಣ್ಣೆದುರಿಗೇ ಅವಳ ಕತ್ತಿನಿಂದ ಬೆವರು ಸುರಿಯುತ್ತಿತ್ತು.

ಆಗ ನನ್ನ ಗಮನ ನನ್ನ ಕಾಲಿನ ಮೇಲೆ ಹೋಯಿತು. ಕುರ್ಚಿಯ ಕೆಳಗೆ ಬಲಗಾಲು ತಾನಾಗಿ ತುಳಿಯುತ್ತಿತ್ತು. ಅವಳು ಹೋದ ಕಡೆಗೆ ಹೋಗುತ್ತಿತ್ತು, ಅವಳಷ್ಟು ಬೇಗ ಹೋಗಲಾರದೆ ಮೀನಖಂಡ ಸೆಳೆಯತೊಡಗಿತು. ರೆಕಾರ್ಡಿಂಗಿನ ದಿನವೂ ಹೀಗೇ ಸೆಳೆದಿತ್ತು. ಹಾಳು ವಯಸ್ಸು ಎಂದುಕೊಂಡಿದ್ದೆ. ಆ ಗಟ್ಟಿ ದಾರ ಯಾಕೆ ಕಡಿಯಿತೆಂದು ನನಗೆ ಅಲ್ಲಿ ಕೂತಾಗ ತಿಳಿಯಿತು. ಅವಳು ನನ್ನ ಮಷೀನಿನ ಹಿಂದೆ ಬಂದೇ ಇರಲಿಲ್ಲ. ಮಹಡಿಯಿಂದ ಇಳಿದು ಬರುತ್ತಿದ್ದ ಅವಳ ಸದ್ದಿನ ಹಿಂದೆ ನಾನು ಓಡಿದ್ದೆ, ಓಡಲಾರದೆ ಕಾಲು ತಪ್ಪಿ, ಚಕ್ರ ಹಿಂದಕ್ಕೆ ಎಳೆದು ದಾರ ಕಡಿದುಕೊಂಡಿದ್ದೆ.

ಕಾರ್ಯಕ್ರಮ ಮುಗಿದ ಮೇಲೆ ಸ್ಟೇಜಿನ ಹಿಂದೆ ಹೋಗಿ ಅವಳಿಗೆ ಹೇಳಿದೆ. ಅವಳು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ನಕ್ಕಳು.

"ಅವತ್ತೇ ಗೊತ್ತಿತ್ತು ಚಿಕ್ಕಮ್ಮ. ನೀನು ಹಿಂದೆ ಉಳಿದುಬಿಟ್ಟೆ."

"ಮತ್ತೆ ಯಾಕೆ ನಿಂತೆ? ಹೊಡ್ಕೊಂಡು ಹೋಗಬಾರದಿತ್ತಾ?"

"ಹಾಗೆ ಬಿಟ್ಟು ಹೋಗ್ತಾರಾ? ಆಯ್ತಾ ಅಂತ ನೋಡ್ದೆ" ಅಂದಳು.

ಎರಡು ಸೆಕೆಂಡು ಅವಳು ನನಗಾಗಿ ಕಾದಿದ್ದಳು. ಅಂಥವಳನ್ನು ಈ ಜನ ಯಂತ್ರ ಅಂದರು.