ಫಿನೈಲ್ ಬಿದ್ದ ಕಡಲ ಹುಲ್ಲು

ಕಾರವಾರದಿಂದ ಬಂದ ಬಸ್ಸು ಕಲಘಟಗಿ ದಾಟುವ ಹೊತ್ತಿಗೆ ನನ್ನ ಬಾಜೂ ಸೀಟು ಖಾಲಿಯಾಗಿತ್ತು. ಕಾಲಡಿಯ ಚೀಲದಿಂದ ಕೊಳೆತ ತತ್ತಿಯ ವಾಸನೆ ಎದ್ದಿತ್ತು. ಕಂಡಕ್ಟರ್ ಮೂಗು ಮುಚ್ಚಿಕೊಂಡೇ ಕೇಳಿದ, "ಮೀನೇನ್ರಿ ಅದು?"

"ಅಲ್ರಿ, ಹುಲ್ಲು," ಅಂದೆ. ಅವನು ನಂಬಲಿಲ್ಲ.

ನಿಜಕ್ಕೂ ಅದು ಹುಲ್ಲೇ. ನದಿ ಕಡಲು ಸೇರುವ ಅಳಿವೆಯ ಕೆಸರಿನಲ್ಲಿ ಬೇರು ಬಿಟ್ಟು, ಉಪ್ಪುನೀರಿನೊಳಗೇ ಹೂವಾಗುವ ಕಡಲ ಹುಲ್ಲು. ಹುಳ, ಬೂಷ್ಟು, ಬ್ಯಾಕ್ಟೀರಿಯಾ ತನ್ನನ್ನು ತಿನ್ನದಂತೆ ಅದು ಎಲೆಯೊಳಗೆ ಫೀನಾಲ್ ಜಾತಿಯ ರಾಸಾಯನಿಕಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಅವು ಯಾವುವು, ಎಷ್ಟಿವೆ ಎಂದು ತಿಳಿಯುವುದೇ ನನ್ನ ಪಿಎಚ್.ಡಿ. ಕೆಲಸ. ಹಬ್ಬದ ರಜೆಗೆ ಪ್ರಯೋಗಾಲಯಕ್ಕೆ ಬೀಗ ಬಿದ್ದಿತ್ತು. ಹುಲ್ಲನ್ನು ಶಲವಡಿಯ ಗಂಡನ ಮನೆಯಲ್ಲೇ ನೆರಳಿಗೆ ಒಣಗಿಸಬೇಕಾಯಿತು.

ಮದುವೆಯಾಗಿ ಎಂಟು ತಿಂಗಳಾಗಿತ್ತು. ಅತ್ತೆ ಲಿಂಗಪೂಜೆ ಆಗದೆ ನೀರು ಮುಟ್ಟದವರು, ತತ್ತಿಯ ಹೆಸರನ್ನೂ ಮನೆಯೊಳಗೆ ಎತ್ತಗೊಡದವರು. ಹಿತ್ತಲ ತಗಡಿನ ಚಪ್ಪರದಡಿ ಚೀಲ ಸುರಿದೆ. ಕಪ್ಪು ನೀರು ಹರಿದು ಅವರ ಕಾಲ್ಬೆರಳು ಮುಟ್ಟಿತು.

"ಏನಬೇ ಇದು? ಯಾವ ಹೆಣ ಹೊತಗೊಂಡು ಬಂದಿ?"

"ಹುಲ್ಲುರೀ ಅತ್ತಿ. ಬರೇ ಹುಲ್ಲು."

ಸುಳ್ಳು ಹೇಳಿದ್ದೆ. ಎಲೆಗಳ ನಡುವೆ ಜೋಳದ ಕಾಳಿನಷ್ಟು ಬಸವನಹುಳುಗಳೂ ದಾರದಂಥ ಹುಳುಗಳೂ ಸತ್ತು ಅಂಟಿಕೊಂಡಿದ್ದವು. ಅಲ್ಲೇ ತೊಳೆದು ತರಬೇಕಿತ್ತು. ಬಸ್ಸು ತಪ್ಪೀತೆಂದು ಅವಸರ ಮಾಡಿದ್ದೆ. ಕುಳಿತು ಆರಿಸತೊಡಗಿದರೆ ಚಿಪ್ಪು ಒಡೆದು ಉಗುರಿನ ಸಂದಿಗೆಲ್ಲ ಲೋಳೆ. ಎರಡು ಸಲ ಎದ್ದು ವಾಂತಿ ಮಾಡಿ, ಅರ್ಧಕ್ಕೇ ಬಿಟ್ಟೆ. ಮಧ್ಯಾಹ್ನ ತಾಟಿನಲ್ಲಿದ್ದ ಪುಂಡಿಪಲ್ಲೆಯೂ ಅದೇ ಲೋಳೆಯಂತೆ ಕಂಡು, ರೊಟ್ಟಿ ಮುರಿಯದೆ ಎದ್ದೆ. ಅತ್ತೆಯಂತೂ ಊಟಕ್ಕೆ ಕೂರಲೇ ಇಲ್ಲ.

ಮೂರನೆಯ ದಿನ ನಾನು ನವಲಗುಂದಕ್ಕೆ ಹೋಗಿ ಬರುವಷ್ಟರಲ್ಲಿ ಹಿತ್ತಲಲ್ಲಿ ಬೇರೆಯೇ ವಾಸನೆ. ಅತ್ತೆ ಬಚ್ಚಲಿನ ಕಪ್ಪು ಫಿನೈಲನ್ನು ಒಂದು ಬಕೆಟ್ ನೀರಿಗೆ ಕಲಸಿ, ಹಾಲಿನಂತೆ ಬೆಳ್ಳಗಾದ ಆ ನೀರನ್ನು ಹುಲ್ಲಿನ ಮೇಲೆ ಹೊಯ್ದಿದ್ದರು.

"ನೊಣಾ ಕುಂತು ಹುಳಾ ಹರದಾಡಾಕ್ಹತ್ತಿದ್ವು. ಒಳಗ ಬಂದ್ರ ಏನ್ ಮಾಡೂದು? ಈಗ ನೋಡು, ವಾಸನಿ ಹೋತು."

ಫಿನೈಲಿನಲ್ಲಿ ಇರುವುದೂ ಫೀನಾಲ್ ಜಾತಿಯ ವಸ್ತುಗಳೇ. ಇನ್ನು ಆ ಹುಲ್ಲಿನಲ್ಲಿ ನಾನು ಏನನ್ನು ಅಳೆದರೂ ಅದು ಬಚ್ಚಲಿನ ಲೆಕ್ಕವಾಗುತ್ತಿತ್ತು. ಅತ್ತೆಯೆದುರು ಮೊದಲ ಸಲ ದನಿ ಏರಿಸಿದೆ.

"ನನ್ನ ಕೇಳಿ ಹಾಕಬೇಕಿತ್ತಲ್ರಿ!"

"ನೀ ನನ್ನ ಕೇಳಿ ತಂದಿಯೇನ? ಬರೇ ಹುಲ್ಲು ಅಂದಿ. ಇದರಾಗ ಎಷ್ಟ ಜೀವ ಕೊಂದಿ, ನೋಡಿಲ್ಲಿ."

ಸತ್ತ ಬಸವನಹುಳುಗಳನ್ನು ಅವರು ಕಡ್ಡಿಯಿಂದ ಸರಿಸಿ ಒಂದೆಡೆ ಗುಡ್ಡೆ ಮಾಡಿದ್ದರು. ಎರಡು ಮುಷ್ಟಿಗೂ ಹೆಚ್ಚಿದ್ದವು. ಅಲ್ಲಿಯತನಕ ಹುಲ್ಲಿನ ಮೇಲೆ ನನಗಿದ್ದ ಹೇಸಿಗೆ ಈಗ ನನ್ನ ಕೈಗಳ ಮೇಲೇ ಬಂತು.

ಇಬ್ಬರೂ ತೆಗ್ಗು ತೋಡಿ ಎಲ್ಲವನ್ನೂ ಹೂತೆವು. ಕೈ ತೊಳೆಯುತ್ತ ಅತ್ತೆ ಕೇಳಿದರು, "ಮತ್ತ ತರಾಕ ಹೋಗಬೇಕೇನು?"

"ಹೋಗಬೇಕ್ರಿ."

"ನಾನೂ ಬರತೇನಿ. ನಿನ್ನೊಬ್ಬಾಕಿನ್ನ ನಂಬಾಂಗಿಲ್ಲ."

ದೀಪಾವಳಿ ಮುಗಿದ ಮೇಲೆ ಕಾರವಾರಕ್ಕೆ ಹೋದೆವು. ಅಳಿವೆಯಲ್ಲಿ ನೀರು ಇಳಿದಿತ್ತು. ಅತ್ತೆ ಸೆರಗನ್ನು ಮೂಗಿಗೆ ಬಿಗಿದು, ಸೀರೆ ಎತ್ತಿಕಟ್ಟಿ ಕೆಸರಿಗೆ ಇಳಿದರು. ನಾನು ಕಿತ್ತುಕೊಟ್ಟ ಹುಲ್ಲನ್ನು ಹಿಡಿಹಿಡಿಯಾಗಿ ನೀರಲ್ಲಿ ಜಾಲಿಸಿ, ಜೀವವಿದ್ದ ಹುಳುಗಳನ್ನು ಹೆಕ್ಕಿ ಮತ್ತೆ ನೀರಿಗೇ ಬಿಟ್ಟರು. ಒಂದೊಂದನ್ನು ಮುಟ್ಟಿದಾಗಲೂ ಭುಜ ಕೊಡವಿ "ಥೂ" ಅನ್ನುತ್ತಿದ್ದರು. ಕೈ ಮಾತ್ರ ನಿಲ್ಲಲಿಲ್ಲ.

ಆ ಹುಲ್ಲು ಒಣಗಿ, ಪುಡಿಯಾಗಿ, ಮದ್ಯಸಾರದಲ್ಲಿ ನೆನೆದು, ಎಷ್ಟೋ ವಾರಗಳ ಮೇಲೆ ಚಿಟಿಕೆಯಷ್ಟು ಹಳದಿ ಪುಡಿ ಕೊಟ್ಟಿತು. ಸಣ್ಣ ಶೀಷೆಯಲ್ಲಿ ತಂದು ತೋರಿಸಿದೆ.

"ಇದರಿಂದ ಮುಂದ ಔಷಧ ಆದ್ರೂ ಆಗಬಹುದ್ರಿ."

ಅತ್ತೆ ಶೀಷೆ ಮುಟ್ಟದೆ, ನನ್ನಿಂದಲೇ ಬೆಳಕಿಗೆ ಹಿಡಿಸಿ ನೋಡಿದರು.

"ಆಗ್ಲಿ, ಚೊಲೋ ಆತು. ನಂಗ ಮಾತ್ರ ಕುಡಸಬ್ಯಾಡ."

ಹಾಗೆಂದು ಆ ದಿನದ ಎರಡನೆಯ ಸ್ನಾನಕ್ಕೆ ಎದ್ದು ಹೋದರು.