ಕರ್ಚೀಫ್ ಹಾಕಿದ ಸೀಟು

“ಕರ್ಚೀಫ್ ಕಾಣಿಸ್ಲಿಲ್ವಾ ಸಾರ್? ಏಳಿ ಮೇಲೆ!” ಎಂದು ರೇಗಿದೆ. ಕೆಜಿಎಫ್ ಕಡೆಯಿಂದ ಬಂದ ಬೆಳಗಿನ ರೈಲು ಬಂಗಾರಪೇಟೆಯಲ್ಲಿ ಪೂರ್ತಿ ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫ್ ಎಸೆದು ನಾನು ಹಿಡಿದಿದ್ದ ಸೀಟು ಅದು. ಕರ್ಚೀಫಿನ ಮೇಲೆಯೇ ಕೂತಿದ್ದ ಕನ್ನಡಕದ ಹಿರಿಯರು ಎದ್ದು ಪಕ್ಕದಲ್ಲಿ ನಿಂತರು.

ಗೆದ್ದ ಖುಷಿಯಲ್ಲಿ ಕೂತು ಫೋನ್ ತೆಗೆದೆ. ಫ್ಯಾಕ್ಟರಿಯಲ್ಲಿ ಲೇತ್ ಮೆಷಿನ್ ಓಡಿಸುವ ಕೆಲಸ ಹೋಗಿ ಮೂರು ತಿಂಗಳಾಗಿತ್ತು. ಇಂಟರ್‌ವ್ಯೂಗಳಿಗೆ ಅಲೆಯುತ್ತಾ, ಮುಖವನ್ನೇ ನೋಡಿರದ ಮ್ಯಾನೇಜರುಗಳಿಗೆಲ್ಲ ‘ನಿಮ್ಮ ಪರಿಚಯವಾದರೆ ಸಂತೋಷ’ ಎಂದು ಮೆಸೇಜ್ ಕಳಿಸುತ್ತಿದ್ದೆ. ಒಬ್ಬರೂ ಉತ್ತರಿಸಿರಲಿಲ್ಲ.

ಕೆಳಗೆ ಸೊಪ್ಪಿನ ಗಂಟಿಗೆ ಒರಗಿ ಕೂತಿದ್ದ ಬೇತಮಂಗಲದ ಮುನಿಯಮ್ಮ ದಿನಾ ಅದೇ ಬೋಗಿಯವಳು, ಫ್ಯಾಕ್ಟರಿಗೆ ಹೋಗುತ್ತಿದ್ದ ಕಾಲದಿಂದ ನನ್ನನ್ನು ಬಲ್ಲವಳು. “ಅದೇನ್ಲಾ ಅಷ್ಟೊತ್ತಿಂದ ಒತ್ತುತಾ ಇದ್ದೀಯ?” ಎಂದಳು. ಕೆಲಸ ಕೊಡುವವರ ಪರಿಚಯ ಮಾಡಿಕೊಳ್ಳುತ್ತಿದ್ದೇನೆ ಎಂದೆ.

“ಅಯ್ಯೋ, ನಿನ್ನ ಪಕ್ಕದಾಗೇ ನಿಂತವ್ರಲ್ಲೋ! ಲೇತ್ ಮೆಷಿನ್ನಿಗೆ ಜನ ಬೇಕು ಅಂತ ನೆನ್ನೆ ತಾನೇ ಯೋಳ್ತಿದ್ರು ಈ ಸಾರು. ಅವ್ರ ಮನೆಗೆ ಸೊಪ್ಪು ಕೊಡೋಳು ನಾನೇ ಕಣ್ಲಾ.”

ಕುಂಡಿಗೆ ಬೆಂಕಿ ತಗುಲಿದಂತೆ ಎದ್ದೆ. “ಕೂತ್ಕೊಳ್ಳಿ ಸಾರ್.”

“ಪರವಾಗಿಲ್ಲ, ಕರ್ಚೀಫ್ ನಿಮ್ಮದು,” ಎಂದರು ಅವರು, ನಗದೆ.

ಮಾಲೂರು ಬರುವಷ್ಟರಲ್ಲಿ ಮುನಿಯಮ್ಮ ಅವರನ್ನು ಗದರಿಸಿ ಕೂರಿಸಿದಳು. “ಬಾಯಿ ಜೋರು, ಕೆಲಸ ಚೆನ್ನಾಗಿ ಮಾಡ್ತಾನೆ,” ಎಂದು ನನ್ನ ಪರವಾಗಿ ಅವಳೇ ಇಂಟರ್‌ವ್ಯೂ ಮುಗಿಸಿದಳು.

ಈಗ ಅವರ ಫ್ಯಾಕ್ಟರಿಯಲ್ಲೇ ಇದ್ದೇನೆ. ಬೆಳಿಗ್ಗೆ ಕಿಟಕಿಯಿಂದ ಎರಡು ಕರ್ಚೀಫ್ ಎಸೆಯುತ್ತೇನೆ: ಒಂದು ಸಾರ್‌ಗೆ, ಒಂದು ಮುನಿಯಮ್ಮನಿಗೆ. ಪರಿಚಯ ಮಾಡಿಕೊಳ್ಳುವುದೇನೋ ಆಯಿತು. ಅದನ್ನು ಉಳಿಸಿಕೊಳ್ಳಲು ದಿನಾ ವೈಟ್‌ಫೀಲ್ಡ್‌ವರೆಗೂ ನಿಂತೇ ಹೋಗುತ್ತಿದ್ದೇನೆ.